ಬರಲಿಲ್ಲವೋ, ನೋಡಲಿಲ್ಲವೋ?

ನನ್ನ ಪತಂಗದ ವಹಿಯಲ್ಲಿ ಹೋದ ವರ್ಷದ ಜೂನ್ 8ರಿಂದ 26ರವರೆಗೆ 19 ಖಾಲಿ ಮನೆಗಳಿವೆ. ವಹಿ ಅಂತ ಬಾಯಿಮಾತಿಗೆ ಹೇಳಿದೆ, ಅದು ಲ್ಯಾಪ್‌ಟಾಪಿನಲ್ಲಿರುವ ಎಕ್ಸೆಲ್ ಹಾಳೆ. ದಿನಾಂಕ, ಹೊತ್ತು, ಮಳೆ, ಚಂದ್ರ, ಬಂದ ಪತಂಗಗಳು ಎಷ್ಟು ಬಗೆ, ಎಷ್ಟು ಸಂಖ್ಯೆ, ಇಷ್ಟೇ ಅದರೊಳಗಿನ ಕಾಲಂಗಳು. ಆ 19 ಖಾಲಿ ಮನೆಗಳು ಮೊನ್ನೆ ನಮ್ಮ ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ನನ್ನನ್ನು ಪೇಚಿಗೆ ಸಿಕ್ಕಿಸಿದವು. ಆ ಕಥೆಗೆ ಬರುವ ಮೊದಲು ಈ ಹುಚ್ಚು ಹತ್ತಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ.

ಪುಣೆಯ ಪಾಷಾಣ್ ಕಡೆ ಮೂರನೇ ಮಹಡಿಯ ಮನೆ ನಮ್ಮದು. ಹಿಂದಿನ ಬಾಲ್ಕನಿಗೆ ಎದುರಾಗಿ ಒಂದು ಖಾಲಿ ನಿವೇಶನ. ಔಡಲ, ಎಕ್ಕೆ, ಎರಡು ಅತ್ತಿ ಮರ ಅದರಲ್ಲಿ ತಾವೇ ಬೆಳೆದು ನಿಂತಿದ್ದವು. ಕಾಂಪೌಂಡಿನ ಮೂಲೆಗೆ ಒಂದು ಹಳೆಯ ಹುಣಸೆ ಮರ. ಮೂರು ವರ್ಷದ ಹಿಂದೆ, ಜೂನ್ ತಿಂಗಳ ಒಂದು ರಾತ್ರಿ ಅಮೆರಿಕದ ಗ್ರಾಹಕರ ಜೊತೆ ಮೀಟಿಂಗ್ ನಡೆದಿತ್ತು. ಕಿಟಕಿ ತೆರೆದಿತ್ತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆರಳುಗುರಿನಷ್ಟು ದೊಡ್ಡದೊಂದು ಹುಳ ಬಂದು ಕೂತಿತು. ಬಿಳಿ ರೆಕ್ಕೆ, ಅದರ ಮೇಲೆ ಕೆಂಪು, ಕಪ್ಪು ಚುಕ್ಕಿಗಳ ಸಾಲು; ಯಾರೋ ಕೂತು ಕಸೂತಿ ಹಾಕಿದ ಹಾಗೆ. ಮಾತಾಡುವುದನ್ನು ಮರೆತು ಅದನ್ನೇ ನೋಡಿದೆ. ಆಮೇಲೆ ಹುಡುಕಿದಾಗ ಗೊತ್ತಾಯಿತು, ಅದರ ಕುಲ ಯುಟೆಥೈಸಾ, ಮರಿಹುಳು ತಿನ್ನುವುದು ಸೆಣಬಿನ ಜಾತಿಯ ಗಿಡಗಳನ್ನು. ಗಿಡದ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಂಡು ತನ್ನನ್ನು ತಿನ್ನಬರುವವರನ್ನು ದೂರ ಇಡುತ್ತದೆ. ಮೈಮೇಲಿನ ಆ ಬಣ್ಣ 'ನನ್ನನ್ನು ಮುಟ್ಟಬೇಡಿ' ಎಂಬ ಬೋರ್ಡು. ಮರುದಿನ ರಾತ್ರಿ ಬೇಕೆಂದೇ ದೀಪ ಹಚ್ಚಿ ಕೂತೆ.

ಆ ವಾರ ಕೆಳಗೆ ವಾಚ್‌ಮನ್ ಕೇಳಿದ, "ಸಾಹೇಬ್, ರಾತ್ರಿಯೆಲ್ಲ ಬಾಲ್ಕನಿಯಲ್ಲಿ ಏನು ಮಾಡ್ತೀರಿ?" "ಪತಂಗ ನೋಡ್ತೀನಿ" ಅಂದೆ. ಪಾಪ, ತಲೆಯೆತ್ತಿ ಆಕಾಶ ನೋಡಿದ. ಮರಾಠಿಯಲ್ಲಿ ಪತಂಗ ಅಂದರೆ ಗಾಳಿಪಟವೂ ಹೌದು. ಮಳೆಗಾಲದ ನಡುರಾತ್ರಿಯಲ್ಲಿ ಗಾಳಿಪಟ ನೋಡುವ ಮನುಷ್ಯ ಅಂತ ನನ್ನ ಹೆಸರು ಕೆಲವು ದಿನ ಓಡಾಡಿತು.

ನಮ್ಮ ಕನ್ನಡದಲ್ಲೂ ಪತಂಗದ ಅದೃಷ್ಟ ಅಷ್ಟಕ್ಕಷ್ಟೇ. ಹಗಲಿನ ಚಿಟ್ಟೆಗೆ, ನಮ್ಮ ಕಡೆಯ ಪಾತರಗಿತ್ತಿಗೆ, ಇರುವ ಮರ್ಯಾದೆ ರಾತ್ರಿಯ ಈ ಹುಳಕ್ಕಿಲ್ಲ. ದೀಪಕ್ಕೆ ಬಿದ್ದು ಸಾಯುವ ಮೂರ್ಖ ಅಂತ ಗಾದೆ ಮಾತಿಗೆ ಬಳಸಿ ಮರೆತುಬಿಡುತ್ತೇವೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಭಾರತದಲ್ಲಿ ಚಿಟ್ಟೆಗಳು ಸುಮಾರು 1,300 ಬಗೆ. ಪತಂಗಗಳು 10,000ಕ್ಕೂ ಹೆಚ್ಚು. ಇವುಗಳನ್ನು ಮೊದಲು ಒಂದು ಕಡೆ ಕೂಡಿಸಿ ಬರೆದವರಲ್ಲಿ ಮುಖ್ಯನಾದ ಜಾರ್ಜ್ ಹ್ಯಾಂಪ್‌ಸನ್ ನೀಲಗಿರಿಯಲ್ಲಿ ಚಹಾ ತೋಟ ನೋಡಿಕೊಂಡಿದ್ದವನು. 1892ರಿಂದ 1896ರ ನಡುವೆ ಬಂದ ಅವನ ನಾಲ್ಕು ಸಂಪುಟಗಳನ್ನು ಇವತ್ತಿಗೂ ತೆರೆದು ನೋಡುತ್ತಾರೆ. ಹಗಲು ಬೇರೆ ಕೆಲಸ, ರಾತ್ರಿ ಪತಂಗ ಎಂಬ ದಾರಿ ಹೊಸದಲ್ಲ ಅಂತ ನನಗೆ ಸಮಾಧಾನ.

ಇದಕ್ಕೆ ಬೇಕಾಗುವ ಸಾಮಾನು ಕಡಿಮೆ. ಒಂದು ಬಿಳಿ ಬಟ್ಟೆ. ನನ್ನದು ಅಪ್ಪನ ಹಳೆಯ ದೋತರ, ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಹಾಕಿ ಇಳಿಬಿಡುತ್ತೇನೆ. ಅದರ ಮುಂದೆ ಒಂದು ಬಲ್ಬು. ಮೊಬೈಲು, ಅಳತೆಗೆ ಒಂದು ಸಣ್ಣ ಸ್ಕೇಲು. ರಾತ್ರಿ ಎಂಟೂವರೆಯಿಂದ ಹತ್ತರವರೆಗೆ ಸಾಕು. ಅಮಾವಾಸ್ಯೆಯ ಹತ್ತಿರ, ಗಾಳಿಯಿಲ್ಲದ, ಮಳೆ ಬಂದು ನಿಂತ ಬೆಚ್ಚನೆಯ ರಾತ್ರಿ ಎಲ್ಲಕ್ಕಿಂತ ಒಳ್ಳೆಯದು. ಹುಣ್ಣಿಮೆಗೆ ಕಡಿಮೆ ಬರುತ್ತವೆ. ಒಂದು ನೇಮ ಮಾತ್ರ ತಪ್ಪಿಸಬಾರದು. ಮುಗಿದ ಮೇಲೆ ದೀಪ ಆರಿಸಿ, ಬಟ್ಟೆಯನ್ನು ಮೆಲ್ಲಗೆ ಗಿಡಗಳ ಕಡೆಗೆ ಕೊಡವಬೇಕು. ಇಲ್ಲದಿದ್ದರೆ ಬೆಳಗ್ಗೆ ಬುಲ್‌ಬುಲ್ ಹಕ್ಕಿಗೆ ನಾವೇ ತಾಟು ಬಡಿಸಿಟ್ಟ ಹಾಗಾಗುತ್ತದೆ.

ಮೊದಲ ವರ್ಷ ನಾನು ಹುಚ್ಚನ ಹಾಗೆ ಹೆಸರು ಹುಡುಕಿದೆ. ಐನ್ಯಾಚುರಲಿಸ್ಟಿಗೆ ಫೋಟೊ ಹಾಕುವುದು, 'ಮಾತ್ಸ್ ಆಫ್ ಇಂಡಿಯಾ' ಜಾಲತಾಣದಲ್ಲಿ ರೆಕ್ಕೆಗೆ ರೆಕ್ಕೆ ಹೋಲಿಸುವುದು. ಎಷ್ಟೋ ಪತಂಗಗಳಿಗೆ ಕುಟುಂಬದ ಹೆಸರಿನಾಚೆ ದಾಟಲು ಆಗುವುದಿಲ್ಲ. ಫೋಟೊ ನೋಡಿ ಹೇಳಲಾಗದಷ್ಟು ಒಂದರಂತೆ ಇನ್ನೊಂದು. ಎರಡನೇ ವರ್ಷದ ಹೊತ್ತಿಗೆ ಹೆಸರಿನ ಗೀಳು ಇಳಿಯಿತು, ಋತು ಕಾಣತೊಡಗಿತು.

ನಮ್ಮ ಕೆಲಸದಲ್ಲಿ ವರ್ಷಕ್ಕೆ ನಾಲ್ಕು ಕ್ವಾರ್ಟರ್‌ಗಳು ಬಿಟ್ಟರೆ ಬೇರೆ ಕಾಲವಿಲ್ಲ. ಎಸಿಯೊಳಗೆ ಜೂನೂ ಒಂದೇ, ಜನವರಿಯೂ ಒಂದೇ. ನನ್ನ ಹಾಳೆಯಲ್ಲಿ ಬೇಕೆಂದೇ ಮಳೆ ನಕ್ಷತ್ರದ ಒಂದು ಕಾಲಂ ಸೇರಿಸಿದೆ. ಧಾರವಾಡದಲ್ಲಿ ಅಪ್ಪ ಬಾಯಿಪಾಠ ಮಾಡಿಸಿದ್ದು ಮೂವತ್ತು ವರ್ಷದ ಮೇಲೆ ಕೆಲಸಕ್ಕೆ ಬಂತು.

ಮಿರಗ ಕೂಡುವುದೇ ತಡ, ಮೊದಲ ಮಳೆಯ ಸಂಜೆ ಗೆದ್ದಲಿನ ರೆಕ್ಕೆಹುಳಗಳು ಏಳುತ್ತವೆ. ಅದಾದ ನಾಲ್ಕಾರು ದಿನಕ್ಕೆ ಪತಂಗಗಳು. ಬೇಸಿಗೆಯುದ್ದಕ್ಕೂ ಮಣ್ಣಿನೊಳಗೆ, ಒಣ ಎಲೆಯಡಿ ಕೋಶವಾಗಿ ಕಾದಿದ್ದವು ಒಟ್ಟಿಗೇ ಹೊರಬೀಳುತ್ತವೆ. ಇದೇ ಹೊತ್ತಿಗೆ ಸಹ್ಯಾದ್ರಿಯ ತೇಗದ ಮರಗಳು ಚಿಗುರುತ್ತವೆ, ಹೈಬ್ಲಿಯಾ ಪ್ಯೂರಾ ಎಂಬ ಸಣ್ಣ ಪತಂಗದ ಮರಿಗಳು ಆ ಚಿಗುರನ್ನು ಜಾಲರಿ ಮಾಡಿಬಿಡುತ್ತವೆ. ಹಿಂದಿನ ರೆಕ್ಕೆಯಲ್ಲಿ ಕಿತ್ತಳೆ ಬಣ್ಣದ ಆ ಪತಂಗ ನನ್ನ ದೋತರಕ್ಕೆ ಬಂತೆಂದರೆ ಘಟ್ಟದಲ್ಲಿ ಮಳೆ ಹಿಡಿಯಿತು ಅಂತ ನನ್ನ ಲೆಕ್ಕ.

ಆರಿದ್ರಾದಿಂದ ಆಶ್ಲೇಷದವರೆಗೆ ಸುಗ್ಗಿ. ಅತ್ತಿ ಮರದ ಅಸೋಟಾ, ಹೊಟ್ಟೆ ಪೂರ್ತಿ ಅರಿಶಿನ ಬಣ್ಣ. ನಂದಿಬಟ್ಟಲ ಎಲೆ ಸುತ್ತಿ ಬೆಳೆಯುವ ಪರೋಟಿಸ್, ವೀಳ್ಯದೆಲೆ ಕತ್ತರಿಸಿ ಮಾಡಿದಂತಹ ತೆಳು ಹಸಿರು. ಔಡಲದ ಕೊಂಡಿಹುಳು ಬೆಳೆದು ಆಗುವ ಅಕಿಯಾ, ಕೂತಾಗ ಒಣ ಎಲೆ, ಹಾರಿದಾಗ ಕಪ್ಪು ಬಿಳುಪಿನ ಹಿಂದಿನ ರೆಕ್ಕೆ ಛಕ್ಕನೆ ಹೊಳೆಯುತ್ತದೆ. ನುಗ್ಗೆ ಮರದ ಕಾಂಡಕ್ಕೆ ಗುಂಪಾಗಿ ಅಂಟಿಕೊಂಡು, ಮುಟ್ಟಿದವರ ಕೈ ತುರಿಸುವ ಆ ಕಂಬಳಿಹುಳು ನಿಮಗೆಲ್ಲ ಗೊತ್ತು. ಅದೂ ದೊಡ್ಡದಾದರೆ ಮಾಸಲು ಹಳದಿಯ, ಮೃದು ಮೈಯ ಪತಂಗವೇ. ಬೈಸಿಕೊಂಡ ಬಾಲ್ಯ ಕಳೆದು ಸಭ್ಯವಾಗಿ ಬಂದು ಕೂತಿರುತ್ತದೆ.

ಮಳೆ ಹಿಂದೆ ಸರಿಯುವ ಹಸ್ತ, ಚಿತ್ತಾ ಹೊತ್ತಿಗೆ ದೊಡ್ಡವರು ಬರುತ್ತಾರೆ. ಕಣಗಿಲೆ, ನಂದಿಬಟ್ಟಲು ಇದ್ದ ಕಡೆ ಹಸಿರು ಗುಲಾಬಿ ಅಮೃತಶಿಲೆಯಂತಹ ಡಾಫ್ನಿಸ್ ನೀರಿಯೈ. ಅದರ ಮರಿಗೆ ಹೆಗಲ ಮೇಲೆ ಎರಡು ನೀಲಿ ಕಣ್ಣಿನ ಗುರುತು, ಹಕ್ಕಿಯನ್ನು ಹೆದರಿಸಲಿಕ್ಕೆ. ಎಳ್ಳಿನ ಬೆಳೆಗೆ ಬರುವ ಅಕೆರೋಂಟಿಯಾದ ಬೆನ್ನ ಮೇಲೆ ತಲೆಬುರುಡೆಯ ಚಿತ್ರ. ಅದು ಜೇನುಗೂಡಿಗೆ ನುಗ್ಗಿ ಜೇನು ಕದಿಯುತ್ತದೆ, ಹಿಡಿದರೆ ಇಲಿಮರಿಯ ಹಾಗೆ ಕಿಚಗುಟ್ಟುತ್ತದೆ. ಉದ್ದ ಬಾಲದ ತಿಳಿಹಸಿರು ಚಂದ್ರ ಪತಂಗ ನನ್ನ ಬಾಲ್ಕನಿಗೆ ಬಂದಿಲ್ಲ. ತಾಮ್ಹಿಣಿ ಘಾಟಿನ ಒಂದು ಚಹಾದಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಒಮ್ಮೆ ಕಂಡಿತ್ತು. ಅದಕ್ಕೆ ಉಣ್ಣುವ ಬಾಯಿ ಇಲ್ಲ. ಮರಿಯಾಗಿದ್ದಾಗ ತಿಂದದ್ದರ ಮೇಲೆ ಒಂದು ವಾರದಷ್ಟು ಬದುಕಿ, ಜೊತೆ ಹುಡುಕಿ, ಮೊಟ್ಟೆಯಿಟ್ಟು ಮುಗಿಯುತ್ತದೆ.

ದೀಪಾವಳಿ ದಾಟಿದರೆ ಎಣಿಕೆ ಇಳಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಎರಡು, ಒಂದು, ಸೊನ್ನೆ. ಚಳಿಗೆ ಬಂದ ದೊಡ್ಡ ಪತಂಗ ಹಾರುವ ಮೊದಲು ನಿಂತಲ್ಲೇ ಗಡಗಡ ನಡುಗುವುದನ್ನು ನೋಡಬೇಕು. ಮಾಂಸಖಂಡ ಬೆಚ್ಚಗಾಗದೆ ಅದಕ್ಕೆ ಏಳಲಾಗದು, ನಮ್ಮ ಹಳೆಯ ಸ್ಕೂಟರಿನ ಹಾಗೆ. ಬೇಸಿಗೆಯಲ್ಲಿ ಮನೆಯೊಳಗೇ ಕೆಲಸ. ಗೋಡೆಯ ಮೇಲೆ ಕುಂಬಳಬೀಜದ ಆಕಾರದ, ಸಿಮೆಂಟು ಬಣ್ಣದ ಪುಟ್ಟ ಚೀಲವೊಂದು ತೆವಳುವುದನ್ನು ನೀವು ಕಂಡಿರುತ್ತೀರಿ. ಅದರೊಳಗಿರುವುದೂ ಪತಂಗದ ಮರಿಯೇ. ಜೇಡರ ಬಲೆ, ಉದುರಿದ ಕೂದಲು ತಿಂದು ಬದುಕುತ್ತದೆ. ರವೆ ಡಬ್ಬಿಯಲ್ಲಿ ನೂಲು ಕಟ್ಟುವ ಹುಳವೂ ಇದೇ ಬಳಗ. ಅದನ್ನೂ ಎಣಿಕೆಗೆ ಸೇರಿಸಲು ಹೋಗಿ ಮನೆಯಲ್ಲಿ ಬೈಸಿಕೊಂಡಿದ್ದೇನೆ.

ಈಗ ಸಭೆಯ ವಿಷಯ. ಹೋದ ನವೆಂಬರಿನಲ್ಲಿ ನಮ್ಮ ಪಾರ್ಕಿಂಗಿನಿಂದ ಎರಡು ಬೈಕು ಕಳುವಾದವು. ಹಿಂದಿನ ಕಾಂಪೌಂಡಿಗೆ ನಾಲ್ಕು ಎಲ್ಇಡಿ ಫ್ಲಡ್‌ಲೈಟು ಬಂದವು. ನೀಲಿಗೆ ತಿರುಗಿದ ಬಿಳಿ ಬೆಳಕು, ಇಡೀ ರಾತ್ರಿ. ಹುಣಸೆ ಮರ ಮದುವೆ ಹಾಲಿನ ಹಾಗೆ ಕಾಣತೊಡಗಿತು. ಚಳಿಗಾಲದಲ್ಲಿ ಹೇಗೂ ಪತಂಗ ಕಡಿಮೆ, ನಾನು ಸುಮ್ಮನಿದ್ದೆ. ಈ ಮಿರಗಕ್ಕೆ ದೋತರ ಇಳಿಬಿಟ್ಟು ಕೂತಾಗ ಹೊಟ್ಟೆ ಚುರುಕ್ಕೆಂದಿತು. ಮೊದಲ ಎರಡು ವರ್ಷ ಜೂನ್ ನಡುವಿನಲ್ಲಿ ರಾತ್ರಿಗೆ ಸರಾಸರಿ 20ಕ್ಕೂ ಹೆಚ್ಚು ಬಗೆ ಬರುತ್ತಿದ್ದವು. ಈ ಸಲ 9.

ಪತಂಗ ದೀಪಕ್ಕೆ ಯಾಕೆ ಬರುತ್ತದೆ? ಅದು ದೀಪವನ್ನು ಚಂದ್ರ ಅಂದುಕೊಳ್ಳುತ್ತದೆ ಅಂತ ಬಹಳ ಕಾಲ ಹೇಳುತ್ತಿದ್ದರು. ವೇಗದ ಕ್ಯಾಮೆರಾಗಳಿಂದ ಚಿತ್ರಿಸಿ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆ ಮಾತು ಹೇಳಿತು. ರಾತ್ರಿ ಹಾರುವ ಹುಳ ಬೆಳಕಿನ ಕಡೆಗೆ ಬೆನ್ನು ತಿರುಗಿಸುತ್ತದೆ. ಲಕ್ಷಾಂತರ ವರ್ಷ ಬೆಳಕು ಇದ್ದದ್ದು ಮೇಲೆ, ಆಕಾಶದಲ್ಲಿ. ಬೆನ್ನು ಬೆಳಕಿನತ್ತ ಇದ್ದರೆ ಮೈ ನೆಟ್ಟಗೆ ಇದ್ದ ಹಾಗೆ. ದೀಪ ಪಕ್ಕದಲ್ಲಿದ್ದರೆ ಹುಳ ಪಕ್ಕಕ್ಕೆ ವಾಲುತ್ತದೆ, ಸುತ್ತುತ್ತದೆ, ಬಿಡಿಸಿಕೊಳ್ಳಲಾಗದೆ ಸುಸ್ತಾಗುತ್ತದೆ. ಅದು ದೀಪಕ್ಕೆ ಮೋಹಗೊಂಡು ಬರುವುದಲ್ಲ, ಮೇಲು ಕೆಳಗು ತಿಳಿಯದೆ ಸಿಕ್ಕಿಬೀಳುವುದು. ನನ್ನ ಬಲ್ಬಿಗೂ ಈ ಮಾತು ಅನ್ವಯಿಸುತ್ತದೆ, ಆದ್ದರಿಂದಲೇ ಹತ್ತಕ್ಕೆ ಆರಿಸುವುದು. ಫ್ಲಡ್‌ಲೈಟನ್ನು ಆರಿಸುವವರಿಲ್ಲ.

ಜೂನಿನ ಕೊನೆಯ ಭಾನುವಾರ ಸಭೆಗೆ ಗ್ರಾಫು ಮಾಡಿಕೊಂಡು ಹೋದೆ. ಎಲ್ಲರೂ ತಾಳ್ಮೆಯಿಂದಲೇ ಕೇಳಿದರು. ಬ್ಯಾಂಕಿನಿಂದ ನಿವೃತ್ತರಾದ ಕಾಕಾ ಒಬ್ಬರಿದ್ದಾರೆ, ಲೆಕ್ಕದಲ್ಲಿ ಬಹಳ ಚುರುಕು. ಕನ್ನಡಕ ಸರಿಮಾಡಿಕೊಂಡು ಕೇಳಿದರು, "ದೀಪ ಬಂದದ್ದು ನವೆಂಬರಿನಲ್ಲಿ. ಅದಕ್ಕೆ ಸರಿಯಾಗಿ ಹಿಂದಿನ ಜೂನಿನ ಅಂಕಿ ಎಲ್ಲಿದೆ?"

ಅದೇ ಆ 19 ಖಾಲಿ ಮನೆಗಳು.

"ಅದು ಸೊನ್ನೆಯೋ?" ಅಂದರು. "ಇಲ್ಲ ಕಾಕಾ, ನಾನು ಊರಲ್ಲಿರಲಿಲ್ಲ." "ಅಂದರೆ ಆಗಲೇ ಕಡಿಮೆಯಾಗಿದ್ದಿರಬಹುದಲ್ಲ?" ಆಗಿದ್ದಿರಬಹುದು. ಅವರು ಅಲ್ಲಿಗೇ ಬಿಡಲಿಲ್ಲ. "ಮಾರ್ಚಿನಲ್ಲಿ ಹಿಂದಿನ ನಿವೇಶನಕ್ಕೆ ಜೆಸಿಬಿ ಬಂದು ಎಲ್ಲ ಸಪಾಟು ಮಾಡಿತಲ್ಲ, ಅದರಿಂದ ಇರಬಹುದಲ್ಲ?" ಇರಬಹುದು. ಔಡಲ ಹೋಯಿತು, ಅತ್ತಿ ಹೋಯಿತು; ಅವನ್ನೇ ತಿನ್ನುವ ಮರಿಗಳು ಎಲ್ಲಿಗೆ ಹೋಗಬೇಕು? ಇನ್ನೊಂದನ್ನು ಅವರು ಕೇಳಲಿಲ್ಲ, ನಾನೇ ಹೇಳಿದೆ. ಪತಂಗಗಳು ಅಷ್ಟೇ ಇದ್ದು, ನನ್ನ ಸಣ್ಣ ಬಲ್ಬು ಬಿಟ್ಟು ದೊಡ್ಡ ದೀಪಗಳಿಗೆ ಹೋಗುತ್ತಿರಲೂಬಹುದು. "ಹಾಗಾದರೆ ನೀವು ಏನು ಸಿದ್ಧ ಮಾಡಿದಿರಿ?" "ಏನೂ ಇಲ್ಲ" ಅಂದೆ. ದಿನವಿಡೀ ಡೇಟಾದೊಂದಿಗೇ ಕೆಲಸ ಮಾಡುವವನು ಅಲ್ಲಿ ನಿಂತು ಸುಳ್ಳು ಹೇಳುವುದು ಆಗಲಿಲ್ಲ.

ಒಬ್ಬನ ಒಂದು ಬಾಲ್ಕನಿಯ ಲೆಕ್ಕಕ್ಕೆ ಇರುವ ಮಿತಿ ಇದು. ಹಾಗಂತ ಲೆಕ್ಕ ವ್ಯರ್ಥವಲ್ಲ. ಬ್ರಿಟನ್ನಿನ ರೋಥಮ್‌ಸ್ಟೆಡ್ ಸಂಸ್ಥೆ 1968ರಿಂದ ದೇಶದುದ್ದಕ್ಕೂ ದೀಪದ ಬಲೆಗಳನ್ನಿಟ್ಟು ರಾತ್ರಿ ರಾತ್ರಿಯೂ ಎಣಿಸುತ್ತ ಬಂದಿದೆ, ಬಲೆ ನೋಡಿಕೊಳ್ಳುವವರಲ್ಲಿ ಬಹಳ ಮಂದಿ ಹವ್ಯಾಸಿಗಳು. ಅಲ್ಲಿ 50 ವರ್ಷಗಳಲ್ಲಿ ದೊಡ್ಡ ಪತಂಗಗಳ ಸಂಖ್ಯೆ ಮೂರರಲ್ಲಿ ಒಂದು ಪಾಲು ಇಳಿದಿದೆ ಅಂತ ಹೇಳಲು ಸಾಧ್ಯವಾದದ್ದು ಏನೂ ಬಾರದ ರಾತ್ರಿಗಳನ್ನೂ ಬರೆದಿಟ್ಟಿದ್ದರಿಂದ. ನಮ್ಮಲ್ಲೇ ನೋಡಿ, ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಗುರುತಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಗೋವಿನಜೋಳದಲ್ಲಿ. ಯಾರೋ ಹೊಲಕ್ಕಿಳಿದು, ಇದು ದಿನದ ಹುಳವಲ್ಲ ಅಂತ ಗಮನಿಸಿದ್ದರಿಂದ. ದಿನದ ಹುಳ ಯಾವುದು ಅಂತ ಗೊತ್ತಿದ್ದವರಿಗೆ ಮಾತ್ರ ಹೊಸದು ಕಾಣುತ್ತದೆ.

ಸಭೆಯಲ್ಲಿ ನಾನು ಸೋತೆ ಅಂತಲೇ ಅಂದುಕೊಂಡಿದ್ದೆ. ಕೊನೆಗೆ ಕಾಕಾ ಅವರೇ, "ಸಿದ್ಧ ಆಗಿಲ್ಲ ಅಂತ ಒಪ್ಪಿಕೊಂಡರಲ್ಲ, ಹಾಗಾದರೆ ಮೂರು ತಿಂಗಳು ನೋಡೋಣ" ಅಂದರು. ಹುಣಸೆ ಮರದ ಕಡೆಯ ಒಂದು ದೀಪಕ್ಕೆ ತಗಡಿನ ಮರೆ ಹಾಕಿ ಕೆಳಗೆ ತಿರುಗಿಸಿದ್ದಾರೆ, ಹನ್ನೊಂದಕ್ಕೆ ಆರುವ ಹಾಗೆ ಟೈಮರು ಇಟ್ಟಿದ್ದಾರೆ. ಉಳಿದ ಮೂರು ಹಾಗೆಯೇ ಇವೆ. ಬೈಕು ಕಳೆದುಕೊಂಡವರ ಭಯ ನನಗೆ ಅರ್ಥವಾಗುತ್ತದೆ.

ಇನ್ನು ಆ 19 ರಾತ್ರಿ ನಾನೆಲ್ಲಿದ್ದೆ ಎಂಬುದು. ಅಪ್ಪನಿಗೆ ಎದೆನೋವು ಬಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದರು. ಎರಡು ವಾರದ ಮೇಲೆ ಮನೆಗೆ ಕರೆತಂದೆವು. ರಾತ್ರಿ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಧಾರವಾಡದ ಮನೆಯ ಮುಂದಿನ ಕಟ್ಟೆಯ ಮೇಲೆ ಇಬ್ಬರೂ ಕೂತಿರುತ್ತಿದ್ದೆವು, ಹೊರಗಿನ ಬಲ್ಬು ಹತ್ತಿರುತ್ತಿತ್ತು. ಗೋಡೆಗೆ ಒಂದು ದೊಡ್ಡ ಹಳದಿ ಪತಂಗ ಬಂದು ಕೂತಾಗ ನಾನು ಮೊಬೈಲು ತೆಗೆಯುವಷ್ಟರಲ್ಲಿ ಅಪ್ಪ ಮೆಲ್ಲಗೆ ಅಂದರು, "ಅದು ನಮ್ಮ ನುಗ್ಗಿ ಗಿಡದ್ದಪಾ. ನಿಮ್ಮವ್ವ ಅದರ ಹುಳಾ ನೋಡಿ ಗಿಡಾನ ಕಡಸಬೇಕಂತಿದ್ಲು." ವಾರಗಳ ನಂತರ ಅವರು ಕಾಯಿಲೆ ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲು. ಒಳಗಿನಿಂದ ಅವ್ವ, "ನಾ ಏನೂ ಅಂದಿಲ್ಲ, ಇಬ್ರೂ ಮಕ್ಕೋರಿ ಸುಮ್ನ" ಅಂದಳು.

ನಾನು ಪುಣೆಗೆ ಮರಳಿದ ಮೇಲೆ ಅಪ್ಪ ಬಿಡಲಿಲ್ಲ. ದಿನಾ ರಾತ್ರಿ ಒಂಬತ್ತೂವರೆಗೆ ವಾಟ್ಸಾಪಿಗೆ ಒಂದು ಫೋಟೊ. ಅರ್ಧಕ್ಕರ್ಧ ಮಸುಕು, ಎಷ್ಟೋ ಸಲ ಬರೀ ಬಲ್ಬು. ಬೇಸಿಗೆಯಲ್ಲಿ ಏನೂ ಬಾರದ ದಿನ ಬರೆಯುತ್ತಾರೆ, "ಇವತ್ತ ಏನೂ ಇಲ್ಲ". ಮೊದಮೊದಲು ಅದನ್ನು ನೋಡಿ ನಗುತ್ತಿದ್ದೆ. ಈ ಏಪ್ರಿಲ್‌ನಲ್ಲಿ ಒಂದು ರಾತ್ರಿ ಫೋಟೊವೂ ಇಲ್ಲ, 'ಏನೂ ಇಲ್ಲ' ಎಂಬುದೂ ಇಲ್ಲ. ಹತ್ತೂವರೆ, ಹನ್ನೊಂದು. ಫೋನು ಮಾಡಿದರೆ ಎತ್ತುತ್ತಿಲ್ಲ. ಹನ್ನೊಂದೂಕಾಲಿಗೆ ಅವ್ವ ಎತ್ತಿದಳು, "ಕರೆಂಟ್ ಹೋಗೇತಿ, ಅವರು ಮಲಗ್ಯಾರ. ಯಾಕ, ಏನಾತು?" ಅಂದಳು. ಏನಿಲ್ಲ ಅಂತ ಇಟ್ಟೆ. ಆ ಎರಡು ತಾಸಿನಲ್ಲಿ ಸೊನ್ನೆಗೂ ಖಾಲಿ ಮನೆಗೂ ಇರುವ ಅಂತರ ನನಗೆ ಯಾವ ಗ್ರಾಫೂ ಕಲಿಸದಷ್ಟು ಚೆನ್ನಾಗಿ ತಿಳಿಯಿತು.

ಸೊನ್ನೆ ಎಂದರೆ ಯಾರೋ ಹೊರಗೆ ಬಂದು ನೋಡಿದ್ದಾರೆ. ಖಾಲಿ ಮನೆ ಏನನ್ನೂ ಹೇಳುವುದಿಲ್ಲ. ಹೋದ ಜೂನಿನ ಆ 19 ಮನೆಗಳನ್ನು ನಾನು ತುಂಬಲಾರೆ, ತುಂಬಲೂಬಾರದು. ಅದರ ಮುಂದೆ 'ಪುಣೆಯಲ್ಲಿರಲಿಲ್ಲ' ಎಂದು ಮಾತ್ರ ಬರೆದಿದ್ದೇನೆ.

ನೀವು ಮುಂಬೈ, ಹೈದರಾಬಾದಿನಲ್ಲಿದ್ದರೆ ಈಗಲೇ ಶುರುಮಾಡಿ, ಆಶ್ಲೇಷದವರೆಗೆ ಸಮಯ ಇದೆ. ಚೆನ್ನೈನವರಿಗೆ ದೊಡ್ಡ ಮಳೆ ಬರುವುದು ಅಕ್ಟೋಬರಿಗೆ, ನಿಮ್ಮ ಸುಗ್ಗಿಯೂ ಬೇರೆಯಾಗಿರುತ್ತದೆ, ನೋಡಿ ಹೇಳಿ. ದೆಹಲಿಯವರ ಚಳಿಗಾಲ ನಮ್ಮದಕ್ಕಿಂತ ಉದ್ದ. ಹೆಸರು ಗೊತ್ತಾಗದಿದ್ದರೆ ಚಿಂತೆಯಿಲ್ಲ. ಬಚ್ಚಲ ಬಲ್ಬಿನ ಕೆಳಗೆ ಐದು ನಿಮಿಷ ನಿಂತು, ದಿನಾಂಕ ಹಾಕಿ, ಎಷ್ಟು ಅಂತ ಬರೆಯಿರಿ. ಏನೂ ಬಾರದಿದ್ದರೆ ಸೊನ್ನೆ ಹಾಕುವುದನ್ನು ಮರೆಯಬೇಡಿ.

ನಿನ್ನೆ ಪುನರ್ವಸು ಮಳೆ, ಮೋಡ ಮುಚ್ಚಿತ್ತು, ಗಾಳಿಯಿರಲಿಲ್ಲ. ನನ್ನ ದೋತರಕ್ಕೆ 11 ಬಗೆ. ಹನ್ನೊಂದಕ್ಕೆ ಹುಣಸೆ ಮರದ ದೀಪ ಆರಿತು. ಧಾರವಾಡದಿಂದ ಆಗಲೇ ಸಂದೇಶ ಬಂದಿತ್ತು: "ಇವತ್ತ ಮೂರು. ಒಂದು ಹಾರಿ ಹೋತು."